ಸಾವಿನ ನಂತರದ ಮನೆಯನ್ನು ಬರೆಯುವುದು: ಯುವ ಕಾದಂಬರಿಕಾರ್ತಿಗೆ ಪತ್ರ

ಸರಸ್ವತಿಪುರಂ, ಮೈಸೂರು

ಆತ್ಮೀಯರೇ,

ಮದ್ದೂರು ಕಡೆಯ ರೈತ ಕುಟುಂಬವೊಂದರ ಯಜಮಾನ ತೀರಿಕೊಂಡ ಮೇಲೆ ಅವನ ಹೆಂಡತಿ ಮಕ್ಕಳ ಸಂಬಂಧಗಳು ಹೇಗೆ ಬದಲಾಗುತ್ತವೆ ಎಂಬುದನ್ನು ಕುರಿತ ನಿಮ್ಮ ಹಸ್ತಪ್ರತಿಯನ್ನು ಪೂರ್ತಿ ಓದಿದೆ. ನಿಮಗೆ ಮನುಷ್ಯರ ಮಾತು ಕೇಳಿಸುತ್ತದೆ. ಅದು ದೊಡ್ಡ ಬಲ. ಆದರೆ ಸಾವಿನಿಂದ ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡುವವರೆಗಿನ ದುಃಖವನ್ನು ಮೂರು ಅಧ್ಯಾಯ ಬರೆದು, ಪೌತಿ ಖಾತೆಯ, ಅಂದರೆ ಸತ್ತವನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಸಂದರ್ಭವನ್ನು ಎರಡೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ನಿಮ್ಮ ಕಾದಂಬರಿ ಇರುವುದೇ ಆ ಎರಡು ಸಾಲಿನಲ್ಲಿ ಎಂದು ನನ್ನ ಭಾವನೆ.

ಅಪ್ಪನ ಹೆಸರಿನ ಪಹಣಿ ಮಕ್ಕಳ ಹೆಸರಿಗೆ ಬರಬೇಕಾದರೆ ಮರಣ ಪ್ರಮಾಣಪತ್ರದ ಜೊತೆಗೆ ವಂಶವೃಕ್ಷವೂ ಬೇಕು. ಅದರಲ್ಲಿ ಮದುವೆಯಾಗಿ ಹೋದ ಮಗಳ ಹೆಸರೂ ಇರುತ್ತದೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯ್ದೆ ಪಿತ್ರಾರ್ಜಿತ ಆಸ್ತಿಯಲ್ಲಿ ಅವಳಿಗೆ ಗಂಡುಮಕ್ಕಳಷ್ಟೇ ಪಾಲು ಕೊಟ್ಟಿದೆ. ಆದರೂ ಎಷ್ಟೋ ಮನೆಗಳಲ್ಲಿ ಅಣ್ಣತಮ್ಮಂದಿರು ಅರಿಶಿನ ಕುಂಕುಮ, ಸೀರೆ ಕೊಟ್ಟು, "ತವರು ಎಲ್ಲ್‌ಗೂ ಓಗಕಿಲ್ಲ ಕನವ್ವ, ಒಂದ್ ರುಜು ಆಕ್ಬುಡು" ಎಂದು ಹಕ್ಕು ಬಿಡುಗಡೆ ಪತ್ರವನ್ನು ಮುಂದಿಡುತ್ತಾರೆ. ರುಜು ಹಾಕಿದರೆ ಪಾಲು ಹೋಗುತ್ತದೆ. ಹಾಕದಿದ್ದರೆ ಗೌರಿ ಹಬ್ಬಕ್ಕೆ ಬಾಗಿನ ತರುವವರಿರುವುದಿಲ್ಲ. ಆ ಹೊತ್ತಿನಲ್ಲಿ ತಾಯಿ ಯಾರ ಮುಖ ನೋಡುತ್ತಾಳೆ, ಕಿರಿಯವನು ಯಾಕೆ ಎದ್ದು ಜಗಲಿಗೆ ಹೋಗುತ್ತಾನೆ, ಪೆನ್ನು ಯಾರ ಜೇಬಿನಿಂದ ಬರುತ್ತದೆ ಎಂಬುದನ್ನೆಲ್ಲ ಅವಸರವಿಲ್ಲದೆ ಬರೆಯಿರಿ.

ಎಸ್.ಎಲ್. ಭೈರಪ್ಪನವರ 'ಗೃಹಭಂಗ'ವನ್ನು (1970) ಈ ದೃಷ್ಟಿಯಿಂದ ಮತ್ತೊಮ್ಮೆ ಓದಿ. ಪ್ಲೇಗಿಗೆ ಮಗನನ್ನೂ ಮಗಳನ್ನೂ ಕಳೆದುಕೊಳ್ಳುವ ನಂಜಮ್ಮ, ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು, ಮುತ್ತುಗದ ಎಲೆ ಹಚ್ಚಿ ಸಂಸಾರ ತೂಗಿಸಿದವಳು. ಅವಳ ದುಡಿಮೆಯನ್ನು ಅಷ್ಟು ಹತ್ತಿರದಿಂದ ಕಂಡಿರುವುದರಿಂದಲೇ ಆ ಸಾವುಗಳು ನಮ್ಮನ್ನು ಅಲ್ಲಾಡಿಸುತ್ತವೆ.

ನಿಮ್ಮ ಕಾದಂಬರಿಯ ಅಪ್ಪ ಬದುಕಿದ್ದಾಗ ಏನು ಮಾಡುತ್ತಿದ್ದನೆಂಬುದೇ ಮಸುಕಾಗಿದೆ. ನಾಲೆಯ ನೀರು ತಿರುಗಿಸಲು ಅವನು ರಾತ್ರಿ ಗದ್ದೆಗೆ ಹೋಗುವುದನ್ನು, ಕಬ್ಬಿನ ಬಾಕಿ ಹಣ ತಡವಾದಾಗ ಹೆಂಡತಿಯ ಮೇಲೆ ರೇಗುವುದನ್ನು ಮೊದಲೇ ತೋರಿಸಿ. ರೇಗುವವನನ್ನು ತೋರಿಸಲು ಹಿಂಜರಿಯಬೇಡಿ. ಸತ್ತವನನ್ನು ದೇವರಾಗಿಸಿದರೆ ಉಳಿದವರಿಗೆ ಅವನೊಂದಿಗಿನ ಜಗಳ ಮುಂದುವರಿಸಲು ಜಾಗವಿರುವುದಿಲ್ಲ.

ಮಹಾಲಯ ಅಮಾವಾಸ್ಯೆಯ ಎಡೆಗೆ ಎಲ್ಲರೂ ಸೇರಿ ರಾಜಿಯಾಗುವ ಕೊನೆಯ ಅಧ್ಯಾಯವನ್ನು ಸದ್ಯ ಪಕ್ಕಕ್ಕಿಡಿ. ರುಜುವಿನ ಅಧ್ಯಾಯ ಬರೆದಾದ ಮೇಲೆ ಮಗಳು ಆ ಎಡೆಗೆ ಬರುತ್ತಾಳೋ ಇಲ್ಲವೋ ನಿಮಗೇ ಗೊತ್ತಾಗುತ್ತದೆ. ಬರೆದದ್ದನ್ನು ಕಳಿಸಿ, ಕೂಡಲೇ ಓದುತ್ತೇನೆ.

ಇಂತಿ ನಿಮ್ಮ ಹಿತೈಷಿ