ಗೋದಾಮಿಗೆ ಮಷಿನ್: ಭಾನುವಾರ ಸೇರೋಣ

ಎಲ್ಲರಿಗೂ ಶರಣು. ತೊಗರಿ ಸೀಸನ್ ಶುರುವಾಗುವ ಮುಂಚೆ ಒಂದು ವಿಷಯ ಮಾತಾಡಬೇಕು. ಭಾನುವಾರ ಸಂಜೆ 5ಕ್ಕೆ ನೆಹರು ಗಂಜ್‌ನಲ್ಲಿ ನಮ್ಮ ಅಡತಿ ಅಂಗಡಿಗೆ ಬನ್ನಿ.

2020ರ ಮಾರ್ಚ್ ನೆನಪಿದೆ ಅಲ್ವಾ? ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯವರದೇ. ಲಾಕ್‌ಡೌನ್ ಆದಮೇಲೆ ಹಮಾಲರು ತಮ್ಮ ಹಳ್ಳಿ ಸೇರಿದರು, ಆಗ ಯಾರ ಗೋದಾಮಲ್ಲಿ ಜಾಗ ಇತ್ತೋ ಅಲ್ಲಿ ಎಲ್ಲರ ಚೀಲ ಇಳಿಯುತ್ತಿತ್ತು, ಬಾಡಿಗೆ ಯಾರೂ ಕೇಳಲಿಲ್ಲ, ಪಾಸ್ ಇದ್ದ ಒಂದೇ ಗಾಡಿಯಲ್ಲಿ ಮೂರು ಅಂಗಡಿ ಬೇಳೆ ಹೋಗುತ್ತಿತ್ತು. ಚೀಲದ ಮೇಲೆ ಬರೆದ ಹೆಸರು ಅಳಿಸಿಹೋಗಿ, ಯಾರದು ಯಾವುದು ಅಂತ ಟಾರ್ಚ್ ಹಿಡಿದು ಹುಡುಕಿದ್ದೂ ಇದೆ.

ಈಗ ದೊಡ್ಡ ಗೋದಾಮುಗಳಲ್ಲಿ ರೋಬೋಟ್ ಕಪಾಟನ್ನೇ ಎತ್ತಿಕೊಂಡು ಕೆಲಸದವರ ಹತ್ತಿರ ತರುತ್ತದೆ. ಅಮೆಜಾನ್ 2012ರಲ್ಲೇ ಕಿವಾ ಸಿಸ್ಟಮ್ಸ್ ಕಂಪನಿ ಕೊಂಡದ್ದು ಇದಕ್ಕೇ. ಆದರೆ ಅದು ಸಣ್ಣ ಸಾಮಾನಿಗೆ ಸರಿ. ಒಂದರ ಮೇಲೊಂದು ಪೇರಿಸಿದ 50 ಕೆಜಿ ಚೀಲಕ್ಕೆ ಸುಮ್ನೆ ದುಡ್ಡು ದಂಡ, ಇದು ನನ್ನ ಲೆಕ್ಕ. ನಮಗೆ ಬಾರ್‌ಕೋಡ್ ಚೀಟಿ, ಅದನ್ನು ಓದೋಕೆ ಮೊಬೈಲ್, ಲಾರಿಗೆ ಏರಿಸಲು ಬೆಲ್ಟ್ ಕನ್ವೇಯರ್ ಇದ್ದರೆ ಸಾಕು. ಬೆಲ್ಟನ್ನು ನಾಲ್ಕೈದು ಜನ ಸೇರಿ ಕೊಂಡು ಸರದಿ ಮೇಲೆ ಬಳಸಬಹುದು.

ಹಮಾಲರ ಮುಖಂಡರನ್ನೂ ಕರೆದಿದ್ದೇನೆ. ಅವರ ಕೂಲಿ ಮಾತಾಡದೆ ಬೆಲ್ಟ್ ತರೋದು ಸರಿಯಲ್ಲ.

ಬರುವವರು ಶುಕ್ರವಾರದೊಳಗೆ ನಿಮ್ಮ ಗೋದಾಮಿನ ಬಾಗಿಲ ಅಗಲ ಅಳೆದು ಇಲ್ಲೇ ಹಾಕಿ. ಅಲ್ಲಿವರೆಗೆ ಗುಡ್ ಮಾರ್ನಿಂಗ್ ಫೋಟೋ ಬೇಡ, ಕೆಲಸದ ಮೆಸೇಜ್ ಮೇಲೆ ಹೋಗಿಬಿಡುತ್ತವೆ.