ಮಗಳಿಗೊಂದು ಪತ್ರ: ಸೌಟು, ಸ್ಕೇಲು ಮತ್ತು ನಿನ್ನ ತಲೆ

ಪುಟ್ಟಿ,

ಭಾನುವಾರ ಫೋನಿನಲ್ಲಿ ನೀನು "ಅಪ್ಪಾ, ನಾನು ಸ್ಲೋನಾ?" ಅಂತ ಕೇಳಿದೆ. "ಹಾಗೇನಿಲ್ಲಮ್ಮ" ಅಂದು ಮಾತು ತೇಲಿಸಿಬಿಟ್ಟೆ. ಆಮೇಲೆ ಬೇಜಾರಾಯಿತು. ಒಂದು ಕಡೆ ಚಾಟ್, ಇನ್ನೊಂದು ಕಡೆ ಮೀಟಿಂಗ್, ಮಧ್ಯೆ ಪ್ರೋಗ್ರಾಂ ಬರೆಯುವ ಕೆಲಸ. ಪಕ್ಕದವರು ಎಲ್ಲಾ ತೂಗಿಸಿಕೊಂಡು ಹೋಗುತ್ತಾರೆ, ನಿನಗೆ ಆಗುತ್ತಿಲ್ಲ. ಮೇಲಿನವರೂ ಅದನ್ನೇ ಎತ್ತಿ ಆಡಿದ್ದಾರೆ. ಸಮಾಧಾನವಾಗಿ ಉತ್ತರ ಬರೆಯೋಣ ಅಂತ ಕೂತಿದ್ದೇನೆ.

ನೀನು ಹೀಗಿರುವುದು ಇವತ್ತಿನ ಮಾತಲ್ಲ. ಎರಡನೇ ಕ್ಲಾಸಿನಲ್ಲಿದ್ದಾಗ ನೀನು ರಂಗೋಲಿ ಚುಕ್ಕಿ ಸೇರಿಸುತ್ತಾ ಕೂತರೆ ಊಟಕ್ಕೆ ಮೂರು ಸಲ ಕೂಗಬೇಕಿತ್ತು. ಅಜ್ಜಿ ಹಟ ಹಿಡಿದು ನಿನ್ನ ಕಿವಿಯನ್ನು ಡಾಕ್ಟರಿಗೂ ತೋರಿಸಿದರು. ಕಿವಿ ಚೆನ್ನಾಗಿಯೇ ಇತ್ತು. ಇದು ನನ್ನ ಕಡೆಯಿಂದ ಬಂದದ್ದು ಅಂತ ನನಗೆ ಆಗಲೇ ಗೊತ್ತಿತ್ತು.

ನಾನು ಡಾಸ್ ಮನುಷ್ಯ, ಅಂದರೆ ವಿಂಡೋಸ್‌ಗೂ ಮೊದಲು ಕಂಪ್ಯೂಟರ್ ನಡೆಸುತ್ತಿದ್ದ ಸಿಸ್ಟಮ್ಮಿನ ಕಾಲದವನು. ಕೆಲಸಕ್ಕೆ ಸೇರಿದಾಗ ನಮ್ಮ ಕಚೇರಿಯಲ್ಲಿದ್ದದ್ದೂ ಅದೇ. ಕಪ್ಪು ಪರದೆ, ಮಿಣುಕುವ ಒಂದು ಗೆರೆ. ಒಂದು ಸಲಕ್ಕೆ ಒಂದೇ ಪ್ರೋಗ್ರಾಂ. ಪತ್ರಕ್ಕೆ ವರ್ಡ್‌ಸ್ಟಾರ್, ಲೆಕ್ಕಕ್ಕೆ ಲೋಟಸ್. ಪತ್ರ ಟೈಪ್ ಮಾಡುವಾಗ ಸಾಹೇಬರು ಲೆಕ್ಕ ಕೇಳಿದರೆ ಪತ್ರ ಸೇವ್ ಮಾಡಬೇಕು, ವರ್ಡ್‌ಸ್ಟಾರ್‌ನಿಂದ ಹೊರಗೆ ಬರಬೇಕು, ಫ್ಲಾಪಿ ಬದಲಿಸಬೇಕು, ಆಮೇಲೆ ಲೋಟಸ್. ಆಗ ಬೈದುಕೊಳ್ಳುತ್ತಿದ್ದೆವು. ಈಗ ಯೋಚಿಸಿದರೆ ಒಂದು ಅನುಕೂಲ ಕಾಣುತ್ತದೆ. ಸೇವ್ ಮಾಡದೆ ಎದ್ದು ಹೋಗೋಕೆ ಅದು ಸುಲಭವಾಗಿ ಬಿಡುತ್ತಿರಲಿಲ್ಲ.

1992ರಲ್ಲಿ ವಿಂಡೋಸ್ 3.1 ಬಂತು. ಹಲವು ಕಿಟಕಿ ಒಟ್ಟಿಗೆ ತೆರೆಯಬಹುದಿತ್ತು, ಆದರೆ ಅದರ ಕತೆ ಒಂದೇ ಬಚ್ಚಲಮನೆ ಇರುವ ಮದುವೆ ಮನೆಯ ಹಾಗೆ. ಒಳಗೆ ಹೋದವರು ತಾವಾಗಿ ಹೊರಗೆ ಬಂದರೆ ಉಂಟು. ದೊಡ್ಡಪ್ಪ ಪೇಪರ್ ಹಿಡಿದು ಒಳಗೆ ಕೂತರೆ ಉಳಿದವರೆಲ್ಲ ಟವಲ್ ಹೆಗಲಿಗೆ ಹಾಕಿಕೊಂಡು ನಿಲ್ಲಬೇಕು. ಒಂದು ಪ್ರೋಗ್ರಾಂ ತಾನಾಗಿ ಬಿಟ್ಟುಕೊಡುವವರೆಗೆ ಪರದೆ ಮೇಲಿನ ಮರಳುಗಡಿಯಾರ ನೋಡುತ್ತಾ ನಾವೂ ಹಾಗೇ ನಿಂತಿದ್ದೇವೆ. 1995ರ ವಿಂಡೋಸ್‌ನಲ್ಲಿ ಹೊತ್ತಾಯಿತು ಅಂತ ಬಾಗಿಲು ಬಡಿದು ಹೊರಗೆ ಕಳಿಸುವ ಅಧಿಕಾರ ಸಿಸ್ಟಮ್ಮಿಗೇ ಬಂತು. ಯುನಿಕ್ಸ್ ಅನ್ನುವ ಇನ್ನೊಂದು ಸಿಸ್ಟಮ್‌ನಲ್ಲಿ ಅದು ಎಷ್ಟೋ ವರ್ಷ ಮೊದಲೇ ಇತ್ತು ಅನ್ನು. ನಮ್ಮ ಕಚೇರಿಗೆ ಬರಲಿಲ್ಲ, ಅಷ್ಟೇ.

ಇದೆಲ್ಲ ನನಗಿಂತ ನಿನಗೆ ಜಾಸ್ತಿ ಗೊತ್ತು. ಆದರೂ ಒಂದು ಕೇಳುತ್ತೇನೆ. ಆಗಿನ ಆ ಒಂಟಿ ಪ್ರೊಸೆಸರ್ ನಿಜವಾಗಿ ಎರಡು ಕೆಲಸ ಒಟ್ಟಿಗೆ ಮಾಡುತ್ತಿತ್ತಾ? ಇಲ್ಲ ಅಲ್ವಾ. ಇದಿಷ್ಟು, ಅದಿಷ್ಟು ಮಾಡುತ್ತಿತ್ತು. ನಮ್ಮ ಕಣ್ಣಿಗೆ ಗೊತ್ತಾಗದಷ್ಟು ಬೇಗ. ಕೆಲಸ ಬದಲಿಸುವಾಗೆಲ್ಲ ಎಲ್ಲಿಗೆ ನಿಲ್ಲಿಸಿದೆ, ಕೈಯಲ್ಲಿ ಯಾವ ಅಂಕಿ ಇತ್ತು ಅಂತ ಬರೆದಿಟ್ಟೇ ಹೊರಡುತ್ತಿತ್ತು. ಆ ಬರೆದಿಡುವುದಕ್ಕೂ ಹೊತ್ತು ಹಿಡಿಯುತ್ತದೆ.

ನಿನ್ನ ಅಮ್ಮನನ್ನೇ ತಗೋ. ಬೆಳಿಗ್ಗೆ ಏಳು ಗಂಟೆಗೆ ಒಂದು ಒಲೆಯಲ್ಲಿ ಸಾರು, ಇನ್ನೊಂದರಲ್ಲಿ ದೋಸೆ, ಹೆಗಲಿಗೂ ಕಿವಿಗೂ ಮಧ್ಯೆ ಫೋನು. ಮೂವತ್ತು ವರ್ಷ ನಾನು ಬಾಯಿ ಬಿಟ್ಟುಕೊಂಡು ನೋಡಿದ್ದೇನೆ. ರಿಟೈರ್ ಆದ ಮೇಲೆ ಸುಮ್ನೆ ಅಡುಗೆಮನೆಯಲ್ಲಿ ಕೂರುವ ಭಾಗ್ಯ ಬಂತಲ್ಲ, ಆಗ ಗುಟ್ಟು ಸಿಕ್ಕಿತು. ಫೋನ್ ಎತ್ತುವ ಮೊದಲು ಅವಳ ಕೈ ಉರಿ ಸಣ್ಣ ಮಾಡುತ್ತದೆ. ಸಾರಿಗೆ ಉಪ್ಪು ಹಾಕಿದ ಕೂಡಲೇ ಸೌಟನ್ನು ಪಾತ್ರೆ ಮೇಲೆ ಅಡ್ಡ ಇಡುತ್ತಾಳೆ. ಸೌಟು ಅಡ್ಡ ಇದ್ದರೆ ಉಪ್ಪು ಬಿದ್ದಿದೆ, ಪಕ್ಕದಲ್ಲಿದ್ದರೆ ಇಲ್ಲ. ಒಂದು ದಿನ ನಾನು ಸಹಾಯ ಮಾಡೋಣ ಅಂತ ಆ ಸೌಟು ತೊಳೆದಿಟ್ಟೆ. ಅವತ್ತಿನ ಸಾರು ಬಾಯಿಗಿಡೋಕಾಗಲಿಲ್ಲ.

ಅಷ್ಟಾವಧಾನಕ್ಕೆ ನಿನ್ನನ್ನು ಕರೆದುಕೊಂಡು ಹೋಗಿದ್ದು ನೆನಪಿದೆಯಾ? ಶತಾವಧಾನಿ ಆರ್. ಗಣೇಶ್ ಅವರದ್ದು. ನೀನು ಅರ್ಧಕ್ಕೇ ನಿದ್ದೆ ಹೋದೆ. ಎದುರಿಗೆ ಎಂಟು ಜನ ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು. ಒಬ್ಬರು ಸಮಸ್ಯೆ, ಅಂದರೆ ಪದ್ಯವಾಗಿ ಪೂರ್ತಿ ಮಾಡಬೇಕಾದ ಒಂದು ಸಾಲು ಕೊಡುತ್ತಾರೆ, ಒಬ್ಬರು ಈ ಅಕ್ಷರ ಬೇಡ ಅಂತ ಹೆಜ್ಜೆ ಹೆಜ್ಜೆಗೆ ತಡೆಯುತ್ತಾರೆ. ಅಪ್ರಸ್ತುತ ಪ್ರಸಂಗಿಯಂತೂ ಮಧ್ಯೆ ಮಧ್ಯೆ ತರಲೆ ಪ್ರಶ್ನೆ ತೂರಿಸುತ್ತಲೇ ಇರುತ್ತಾರೆ. ಅವಧಾನಿಯ ಕೈಯಲ್ಲಿ ಪೆನ್ನೂ ಇಲ್ಲ, ಕಾಗದವೂ ಇಲ್ಲ. ಆದರೆ ಗಮನಿಸು, ಅವರೂ ಎಲ್ಲಾ ಪದ್ಯ ಒಟ್ಟಿಗೆ ಕಟ್ಟುವುದಿಲ್ಲ. ಪದ್ಯ ಕೇಳಿದವರಿಗೆ ಸುತ್ತಿಗೆ ಒಂದೊಂದೇ ಸಾಲು. ನಾಲ್ಕು ಸುತ್ತು ಮುಗಿದ ಮೇಲೆ ಧಾರಣೆ, ಅಂದರೆ ಪೂರ್ತಿ ಪದ್ಯಗಳನ್ನು ನೆನಪಿನಿಂದ ಒಪ್ಪಿಸುವುದು. ಜನ ಚಪ್ಪಾಳೆ ಹೊಡೆಯುವುದು ಅಲ್ಲಿ. ಬಿಟ್ಟ ಸಾಲಿಗೆ ಸರಿಯಾಗಿ ವಾಪಸ್ ಬಂದದ್ದಕ್ಕೆ.

ನನಗೆ ಅಂಥ ಧಾರಣೆ ಇಲ್ಲ. 1994ರಲ್ಲಿ ಸಂಬಳದ ಪಟ್ಟಿ ಎಂಟ್ರಿ ಮಾಡುವಾಗ ಮಧ್ಯೆ ಫೋನ್ ಬಂತು. ಎದ್ದು ಹೋಗಿ ಬಂದು ಕೂತೆ, ಹದಿನೇಳನೇ ಸಾಲನ್ನು ಎರಡು ಸಲ ಹೊಡೆದೆ. ಮೊತ್ತ ತಾಳೆಯಾಗಲಿಲ್ಲ. ರಾತ್ರಿ ಹನ್ನೊಂದರವರೆಗೆ ಹುಡುಕಿದೆ. ಮಾರನೇ ದಿನ ಎಲ್ಲರೆದುರು ಬೈಸಿಕೊಂಡೆ. ಅವತ್ತಿನಿಂದ ಒಂದು ಮರದ ಸ್ಕೇಲ್ ಇಟ್ಟುಕೊಂಡೆ. ಯಾರೇ ಕರೆಯಲಿ, ಬೆಂಕಿಯೇ ಬೀಳಲಿ, ನಿಂತ ಸಾಲಿನ ಕೆಳಗೆ ಸ್ಕೇಲ್ ಇಟ್ಟೇ ಏಳುವುದು. ಎರಡು ಸೆಕೆಂಡಿನ ಕೆಲಸ. ಕೆಲವರು ನಕ್ಕರು. ನಗಲಿ ಬಿಡು.

ನಿನ್ನ ತೊಂದರೆ ನಿಧಾನದ್ದಲ್ಲ ಅನ್ನಿಸುತ್ತದೆ. ಚಾಟ್ ಟಣ್ ಅಂದ ಕೂಡಲೇ ನೀನು ಸ್ಕೇಲ್ ಇಡದೆ ಏಳುತ್ತೀಯ. ವಾಪಸ್ ಬಂದಾಗ ಮೊದಲ ಸಾಲಿನಿಂದ ಓದಬೇಕು. ಅಷ್ಟರಲ್ಲಿ ಇನ್ನೊಂದು ಟಣ್. ಮೆಮೊರಿ ಸಾಲದ ನಮ್ಮ ಹಳೇ ಕಂಪ್ಯೂಟರಿನಲ್ಲಿ ನಾಲ್ಕು ಪ್ರೋಗ್ರಾಂ ತೆರೆದರೆ ಹಾರ್ಡ್ ಡಿಸ್ಕಿನ ದೀಪ ಮಿಣಮಿಣ ಅನ್ನುತ್ತಲೇ ಇರುತ್ತಿತ್ತು, ಪರದೆ ಮೇಲೆ ಏನೂ ಕದಲುತ್ತಿರಲಿಲ್ಲ. ಮೆಮೊರಿಯಿಂದ ಡಿಸ್ಕಿಗೆ, ಡಿಸ್ಕಿನಿಂದ ಮೆಮೊರಿಗೆ ಸಾಗಿಸುವುದರಲ್ಲೇ ಅದರ ಹೊತ್ತೆಲ್ಲ ಹೋಗುತ್ತಿತ್ತು. ಸಾಯಂಕಾಲ ಆರಕ್ಕೆ ನೀನು "ಏನೂ ಮಾಡಲಿಲ್ಲ, ಆದರೂ ಸುಸ್ತು" ಅನ್ನುತ್ತೀಯಲ್ಲ, ಅದು ಇದೇ.

ಬೆಳಿಗ್ಗೆ ಎರಡು ಗಂಟೆ ಚಾಟ್ ಮುಚ್ಚಿ ಕೂರುತ್ತೇನೆ ಅಂತ ಮೇಲಿನವರಿಗೆ ನೇರವಾಗಿ ಹೇಳಿ ನೋಡು. ಒಪ್ಪದಿದ್ದರೆ ಒಂದು ಚೀಟಿ ಇಟ್ಟುಕೋ. ಯಾರಾದರೂ ಕರೆದರೆ, ಮುಂದೆ ಏನು ಮಾಡಬೇಕಿತ್ತು ಅಂತ ನಾಲ್ಕು ಪದ ಗೀಚಿ, ಆಮೇಲೆ ತಲೆ ಎತ್ತು. ಅವರು ಆ ಐದು ಸೆಕೆಂಡ್ ಕಾಯಲಿ.

ಶನಿವಾರ ಬರುವ ನಿನ್ನ ಗೆಳತಿಯ ಕೈಯಲ್ಲಿ ಅಮ್ಮ ಚಟ್ನಿಪುಡಿ ಕಳಿಸುತ್ತಾಳೆ. ಅದೇ ಚೀಲದಲ್ಲಿ ಆ ಸ್ಕೇಲೂ ಇದೆ. ಒಂದು ಕೊನೆಯಲ್ಲಿ ಮಸಿ ಕಲೆ ಇದೆ, ಉಜ್ಜೋಕೆ ಹೋಗಬೇಡ.

ನಿನ್ನ ಅಪ್ಪ