ಮಗಳೇ, ರೈಲಲ್ಲೇ ಹತ್ತು

ಪ್ರೀತಿಯ ಮಗಳೇ,

ಊಟಿಗೆ ಹೊರಟಿದ್ದೀಯ ಅಂತ ಕೇಳಿ ಖುಷಿಯಾಯಿತು. ಆದರೆ ಮೆಟ್ಟುಪಾಳ್ಯದಿಂದ 46 ಕಿಲೋಮೀಟರ್ ಹತ್ತೋಕೆ ಸುಮಾರು ಐದು ಗಂಟೆ ರೈಲಲ್ಲಿ ಯಾಕೆ ಕೂರಬೇಕು, ಬಸ್ಸಲ್ಲೇ ಹೋಗ್ತೀನಿ ಅಂದೆಯಲ್ಲ, ಅದಕ್ಕೇ ಈ ಪತ್ರ. ಫೋನಲ್ಲಿ ಹೇಳಿದರೆ ಅರ್ಧಕ್ಕೇ ‘ಆಯ್ತು ಬಿಡಮ್ಮ’ ಅಂತೀಯ.

ಉಕ್ಕಿನ ಹಳಿ, ಉಕ್ಕಿನ ಚಕ್ರ. ಎರಡೂ ನುಣುಪು. ಸಮನೆಲದಲ್ಲಿ ರೈಲು ಸಲೀಸಾಗಿ ಓಡೋದು ಅದರಿಂದಲೇ. ಏರು ಬಂತೋ, ಅದೇ ನುಣುಪು ಕೈಕೊಡುತ್ತದೆ. ಚಕ್ರ ನಿಂತಲ್ಲೇ ತಿರುಗುತ್ತದೆ. ಬೆಟ್ಟಕ್ಕೆ ರೈಲು ಕಟ್ಟಲು ಹೋದವರೆಲ್ಲ ಮೊದಲು ಎದುರಿಸಿದ್ದು ಈ ತೊಡಕನ್ನೇ. ಒಂದೊಂದು ಬೆಟ್ಟದಲ್ಲಿ ಒಂದೊಂದು ಉಪಾಯ ಹುಡುಕಿದರು. ನನಗೆ ಈ ರೈಲುಗಳ ಮೇಲೆ ಇಷ್ಟು ಪ್ರೀತಿ ಆ ಉಪಾಯಗಳಿಗಾಗಿ. ಕಣಿವೆ, ಮಂಜು ಎಲ್ಲ ಬಸ್ಸಿನ ಕಿಟಕಿಯಲ್ಲೂ ಸಿಗುತ್ತದೆ.

ಡಾರ್ಜಿಲಿಂಗ್ ರೈಲು 1881ರದ್ದು. ಹಳಿಯ ಅಗಲ ಎರಡೇ ಅಡಿ. ತೀರಾ ಕಡಿದಾದ ಕಡೆ ಅದು ಮುಂದೆ ಹೋಗಿ ನಿಲ್ಲುತ್ತದೆ, ಹಿಂದಕ್ಕೆ ಚಲಿಸುತ್ತಲೇ ಒಂದಷ್ಟು ಹತ್ತುತ್ತದೆ, ಮತ್ತೆ ಮುಂದಕ್ಕೆ ಹೊರಡುತ್ತದೆ. ಉಗಿ ಇಂಜಿನ್ನಿನ ಮೂತಿಯ ಮೇಲೆ ಇಬ್ಬರು ಕೂತು, ಚಕ್ರ ಜಾರದಿರಲಿ ಅಂತ ಹಳಿಗೆ ಕೈಯಾರೆ ಮರಳು ಹಾಕುತ್ತಾರೆ. ಹೀಗೆ ಹತ್ತಿ ಹತ್ತಿ ಅದು 2,258 ಮೀಟರ್ ಎತ್ತರದ ಘೂಮ್ ನಿಲ್ದಾಣ ಮುಟ್ಟುತ್ತದೆ! 1903ರ ಕಾಲ್ಕಾ–ಶಿಮ್ಲಾ ದಾರಿಯಲ್ಲಿ ಬೆಟ್ಟವನ್ನೇ ಕೊರೆದರು. 96 ಕಿಲೋಮೀಟರಿನಲ್ಲಿ 102 ಸುರಂಗ.

ನೀನು ಹತ್ತಬೇಕಾದ ನೀಲಗಿರಿ ರೈಲಿಗೆ ಈ ಯಾವ ಉಪಾಯವೂ ಸಾಲಲಿಲ್ಲ. ಅಲ್ಲಿನ ಏರು ಅಷ್ಟು ಜಾಸ್ತಿ. ಕೆಲವು ಕಡೆ ಸುಮಾರು 12 ಅಡಿ ಮುಂದೆ ಹೋದರೆ 1 ಅಡಿ ಮೇಲೇರಬೇಕು. ರೈಲು ಬೇಕು ಅನ್ನೋ ಮಾತು ಬಂದದ್ದು 1854ರಲ್ಲಿ, ಕೆಲಸ ಶುರುವಾದದ್ದು 1891ರಲ್ಲಿ, ಊಟಿ ಮುಟ್ಟಿದ್ದು 1908ರಲ್ಲಿ. ದಾರಿಯ ನಡುವಿನ ಕಲ್ಲಾರಿನಿಂದ ಕೂನೂರಿನವರೆಗೆ ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಕಿದ್ದಾರೆ. ಸ್ವಿಟ್ಜರ್‌ಲೆಂಡಿನ ರೋಮನ್ ಆಬ್ಟ್ ರೂಪಿಸಿದ ಪದ್ಧತಿ ಅದು. ಪಟ್ಟಿಗಳು ಜೋಡಿಯಾಗಿರುತ್ತವೆ. ಒಂದರ ಹಲ್ಲಿನ ಪಕ್ಕಕ್ಕೆ ಇನ್ನೊಂದರ ಸಂದು. ಹಾಗಾಗಿ ಇಂಜಿನ್ನಿನ ಹೊಟ್ಟೆಯಡಿಯ ಹಲ್ಲಿನ ಚಕ್ರಕ್ಕೆ ಯಾವ ಗಳಿಗೆಯಲ್ಲೂ ಹಿಡಿತ ತಪ್ಪುವುದಿಲ್ಲ. ಭಾರತದಲ್ಲಿ ಇಂಥ ರೈಲುದಾರಿ ಇದೊಂದೇ.

ಉಗಿ ಇಂಜಿನ್ನನ್ನು ಹತ್ತಿರದಿಂದ ನೋಡು. ಅದಕ್ಕೆ ನಾಲ್ಕು ಸಿಲಿಂಡರ್. ಎರಡು ಮಾಮೂಲಿ ಚಕ್ರ ತಿರುಗಿಸುತ್ತವೆ, ಎರಡು ಹಲ್ಲಿನ ಚಕ್ರ ತಿರುಗಿಸುತ್ತವೆ. ಏರಿನಲ್ಲಿ, ಮೊದಲ ಜೋಡಿಯಲ್ಲಿ ದುಡಿದ ಹಬೆಯೇ ಎರಡನೆಯದಕ್ಕೆ ಹೋಗಿ ಇನ್ನೊಮ್ಮೆ ದುಡಿಯುತ್ತದೆ. ಎಂಥಾ ಜಾಣತನ, ಅಲ್ವಾ? ಇಂಜಿನ್ ಇರೋದು ರೈಲಿನ ಹಿಂದೆ. ಕೆಳಗಿನಿಂದ ಬೋಗಿಗಳನ್ನು ತಳ್ಳಿಕೊಂಡು ಹತ್ತುತ್ತದೆ. ಕೊಂಡಿ ಕಳಚಿದರೂ ಬೋಗಿಗಳು ಬಿಟ್ಟುಹೋಗದಂತೆ ಅದು ಕೆಳಗೆ ಅಡ್ಡ ನಿಂತಿರುತ್ತದೆ. ತಳ್ಳುವ ಚಾಲಕನಿಗೆ ಮುಂದಿನ ದಾರಿ ಕಾಣುವುದಿಲ್ಲ. ಅದಕ್ಕೇ ಬೋಗಿಗಳ ತುದಿಯಲ್ಲಿ ಬ್ರೇಕಿನವರು ಬಾವುಟ ಹಿಡಿದು ನಿಂತಿರುತ್ತಾರೆ. ಒಬ್ಬರು ತೋರಿಸಿದ್ದನ್ನು ಹಿಂದಿನವರು ನೋಡಿ, ಅವರೂ ತೋರಿಸಿ, ಸುದ್ದಿ ಇಂಜಿನ್ನಿಗೆ ಮುಟ್ಟುತ್ತದೆ. ಬಿಸಿಲು, ಹೊಗೆ, ಹನಿ ಎಲ್ಲದರಲ್ಲೂ ನಿಂತೇ ಕೆಲಸ. ಹಿಲ್‌ಗ್ರೋವ್ ನಿಲ್ದಾಣದಲ್ಲಿ ಇಂಜಿನ್ ನೀರು ಕುಡಿಯಲು ನಿಂತಾಗ ಅವರನ್ನು ಮಾತಾಡಿಸು. ಸುಮ್ನೆ ಫೋಟೊ ತೆಗೆದು ಬರಬೇಡ.

ಕಲ್ಲಾರ್ ಬಿಟ್ಟ ಮೇಲೆ ಸ್ವಲ್ಪ ಹೊತ್ತು ಮಾತು ನಿಲ್ಲಿಸಿ ಕೇಳು. ಹಲ್ಲು ಹಿಡಿದ ಕೂಡಲೇ ರೈಲಿನ ಸದ್ದು, ನಡಿಗೆ ಎರಡೂ ಬದಲಾಗುತ್ತವೆ. ಆಮೇಲೆ ಆ ನಿಧಾನದ ಮೇಲೆ ನಿನಗೆ ಬೇಜಾರು ಬರೋದಿಲ್ಲ. ಕೂನೂರಿನಿಂದ ಮುಂದೆ ಹಲ್ಲಿನ ಪಟ್ಟಿ ಇಲ್ಲ, ಡೀಸೆಲ್ ಇಂಜಿನ್ ಎಳೆಯುತ್ತದೆ. ಕೇತ್ತಿ ಕಣಿವೆ ಬರೋದು ಆ ಭಾಗದಲ್ಲೇ, ಆಗ ನಿದ್ದೆ ಮಾಡಬೇಡ.

ಅಕ್ಟೋಬರ್, ನವೆಂಬರಿನಲ್ಲಿ ಮಳೆ ಜೋರಾದರೆ ಮಣ್ಣು ಕುಸಿದು ರೈಲು ನಿಲ್ಲಿಸುವುದುಂಟು, ಆ ತಿಂಗಳು ಬೇಡ. ಮೆಟ್ಟುಪಾಳ್ಯದಿಂದಲೇ ಹತ್ತು. ಟಿಕೆಟ್ ಬೇಗ ಮುಗಿಯುತ್ತೆ, ರಜೆ ಸಿಕ್ಕಿದ ದಿನವೇ ಬುಕ್ ಮಾಡು. ವಾಪಸ್ ಬರುವಾಗ ಬೇಕಿದ್ದರೆ ಬಸ್ಸಲ್ಲೇ ಬಾ, ನನ್ನದೇನೂ ತಕರಾರಿಲ್ಲ.

ಪ್ರೀತಿಯಿಂದ,
ಅಮ್ಮ